110, 125, 275: ಗುಳಿಗೆ ಮೇಲಿನ ನಂಬರ್ ಏನು ಹೇಳುತ್ತೆ?

ನಮ್ಮ ದೊಡ್ಡಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಬಂದು ಏಳು ವರ್ಷ. ಹೊತ್ತಿಗೆ ಸರಿಯಾಗಿ ಗುಳಿಗೆ ತಗೊಂಡರೆ ಕೊಟ್ಟಿಗೆಗೆ ಹೋಗಿ ಹಸುವಿಗೆ ಹುಲ್ಲು ಹಾಕ್ತಾರೆ. ತಪ್ಪಿದರೆ ಮಂಚ ಬಿಟ್ಟು ಏಳೋಕಾಗಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಡೇರಿ ಹಾಲಿನ ಲೆಕ್ಕಕ್ಕಿಂತ ಗುಳಿಗೆ ಲೆಕ್ಕವೇ ದೊಡ್ಡದು.

ಕಳೆದ ಮಳೆಗಾಲದಲ್ಲಿ ಅವರ 125ರ ಗುಳಿಗೆ ಪೇಟೆಯ ಅಂಗಡಿಯಲ್ಲಿ ಇರಲಿಲ್ಲ. "110 ತಗೊಳ್ಳಿ, ಎರಡೂ ಒಂದೇ" ಅಂತ ಕೊಟ್ಟರು. ನಾಲ್ಕೇ ದಿನಕ್ಕೆ ದೊಡ್ಡಪ್ಪನಿಗೆ ವಾಕರಿಕೆ ಶುರು, ಊಟ ಸೇರಲಿಲ್ಲ, ನಡಿಗೆಯೂ ನಿಧಾನವಾಯಿತು. ನರರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅವರು ಎರಡೂ ಶೀಟ್ ಪಕ್ಕಪಕ್ಕ ಇಟ್ಟು ತೋರಿಸಿದರು.

ಆ ನಂಬರ್ ಎರಡು ಔಷಧಿ ಕೂಡಿಸಿದ ಮೊತ್ತ. 125ರಲ್ಲಿ ಲೆವೊಡೋಪ 100 ಮಿಲಿಗ್ರಾಂ, ಕಾರ್ಬಿಡೋಪ 25. 110ರಲ್ಲಿ ಲೆವೊಡೋಪ ಅಷ್ಟೇ 100, ಕಾರ್ಬಿಡೋಪ ಬರೀ 10. 275 ಅಂದರೆ 250 ಮತ್ತು 25. ಮಿದುಳಿಗೆ ಹೋಗಿ ಡೋಪಮೈನ್ ಆಗೋದು ಲೆವೊಡೋಪ. ಅದು ದಾರಿಯಲ್ಲೇ ಖರ್ಚಾಗದಂತೆ ಕಾಯೋದು ಕಾರ್ಬಿಡೋಪ. ಈ ಕಾವಲಿಗೆ ದಿನಕ್ಕೆ ಸುಮಾರು 70ರಿಂದ 100 ಮಿಲಿಗ್ರಾಂ ಬೇಕು. ದಿನಕ್ಕೆ ಮೂರು ಗುಳಿಗೆಯಲ್ಲಿ 75 ಸಿಗುತ್ತಿದ್ದದ್ದು 30ಕ್ಕೆ ಇಳಿದಿತ್ತು.

ವೈದ್ಯರು 125ನ್ನೇ ಮತ್ತೆ ಬರೆದರು. ಆಮೇಲೆ ಪ್ರಮಿಪೆಕ್ಸೋಲ್ ಅನ್ನೋ ಇನ್ನೊಂದು ಗುಳಿಗೆ ಸೇರಿಸಿ, ವಾರಗಟ್ಟಲೆ ನಿಧಾನವಾಗಿ ಏರಿಸಿ, ಅರ್ಧ ಮಿಲಿಗ್ರಾಂನಂತೆ ಮೂರು ಹೊತ್ತಿಗೆ ತಂದರು. "ಅರ್ಧ ಯಾವ ಲೆಕ್ಕ?" ಅಂದರು ದೊಡ್ಡಮ್ಮ. ಲೆಕ್ಕ ಇದೆ. ಸೇರು, ಪಾವನ್ನು ಕಿಲೋಗೆ ತಂದ ಹಾಗೆ ವೈದ್ಯರು ಎಲ್ಲ ಔಷಧಿಯನ್ನೂ ಲೆವೊಡೋಪಕ್ಕೆ ತಂದು ಹೋಲಿಸ್ತಾರೆ. ಪ್ರಮಿಪೆಕ್ಸೋಲ್ 1 ಮಿಲಿಗ್ರಾಂ ಸುಮಾರು 100 ಲೆವೊಡೋಪಕ್ಕೆ ಸಮ. ರೋಪಿನಿರೋಲ್ ಆದರೆ 5 ಬೇಕು. ನಿಧಾನವಾಗಿ ಕರಗುವ ಸಿಆರ್ ಗುಳಿಗೆಯ 200 ಲೆವೊಡೋಪ ಸಾಮಾನ್ಯ ಗುಳಿಗೆಯ 150ರಷ್ಟೇ. ದೊಡ್ಡಪ್ಪನದು 300 ಮತ್ತು 150, ಒಟ್ಟು 450.

ಇದು ಅಂದಾಜು ಮಾತ್ರ. ಇದನ್ನು ನೋಡಿ ನಾವೇ ಗುಳಿಗೆ ಬದಲಿಸೋದಲ್ಲ. ವಯಸ್ಸು, ಭ್ರಮೆ, ನಿದ್ದೆ, ಕಿಡ್ನಿ ಎಲ್ಲ ನೋಡಿ ವೈದ್ಯರೇ ನಿರ್ಧರಿಸಬೇಕು. ಗುಳಿಗೆ ಸಿಗಲಿಲ್ಲ ಅಂತ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಸಿಆರ್ ಗುಳಿಗೆಯನ್ನು ಪುಡಿ ಮಾಡಬೇಡಿ. ನಸುಗುನ್ನಿ ಬೀಜದಲ್ಲೂ ಲೆವೊಡೋಪ ಇದೆ, ಅದರ ಪುಡಿ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ.

ಮನೆಯಲ್ಲಿ ಈ ಕಾಯಿಲೆಯವರಿದ್ದರೆ ಗುಳಿಗೆ ಶೀಟಿನ ಹಿಂಬದಿಯ ಫೋಟೋ ಇವತ್ತೇ ಫೋನಲ್ಲಿ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಬೇರೆ ಶೀಟ್ ಕೊಟ್ಟರೆ ಎರಡೂ ಹೆಸರು, ಎರಡೂ ಅಂಕಿ ಹೋಲಿಸಿ ನೋಡಿ. ಒಂದು ಬೇರೆ ಇದ್ದರೂ ವೈದ್ಯರಿಗೆ ಫೋನ್ ಮಾಡಿ ಕೇಳಿ, ಆಮೇಲೆ ದುಡ್ಡು ಕೊಡಿ.