ಗುಜರಿ ಅಂಗಡಿಯಿಂದ ಬಂದ ಭೋಂಗಾ

ನಮ್ಮ ಮನಿಗೆ ಬಂದವ್ರೆಲ್ಲ ಪಡಸಾಲ್ಯಾಗ ಕುಂದ್ರೂಕಿಂತ ಮೊದ್ಲು ಕೇಳೋದು ಒಂದೇ ಮಾತು. “ಏನವ್ವಾ, ಜ್ವಾಳದ ಚೀಲದ ಬಾಜೂಕ ಇಟ್ಟೀಯಲ್ಲ, ಅದು ಶಾವಿಗಿ ಮಷೀನೇನು?” ಹಿಡಿಕಿ ನೋಡಿದ್ರ ಹಂಗ ಕಾಣ್ತೈತಿ ಖರೆ. ಆದ್ರ ಅದು ಕೈಲೆ ತಿರುವೋ ಹಳೇ ಸೈರನ್. ಬೆಂಕಿ ಬಿದ್ರ ಮಂದಿನ್ನ ಎಚ್ಚರಿಸಾಕ ಅಗ್ನಿಶಾಮಕ ಠಾಣೆ, ಕಾರ್ಖಾನಿ, ಗೋದಾಮುಗಳಾಗ ಇಡ್ತಿದ್ದಂಥಾದ್ದು. ನಮ್ಮ ಕಡೆ ಹಿರ್ಯಾರು ಭೋಂಗಾ ಅಂತಾರ. ಅದನ್ನ ಯಾಕ ತಂದೆ, ತಂದ ಮ್ಯಾಲ ಏನು ಕಲ್ತೆ ಅಂತ ಒಬ್ಬೊಬ್ಬರಿಗೆ ಹೇಳೂಕಿಂತ ಇಲ್ಲೇ ಬರದುಬಿಡ್ತೀನಿ.

2024ರ ಬ್ಯಾಸಗಿ ನಿಮಗೆಲ್ಲ ನೆನಪೈತಿ. ಹುಲ್ಲು ಒಟ್ಟಿ ಬಣವಿ ಮಾಡಿದ್ವಿ. ಮಟಮಟ ಮಧ್ಯಾಹ್ನದಾಗ ನಮ್ಮ ಓಣ್ಯಾಗ ಒಂದು ಬಣವಿಗೆ ಬೆಂಕಿ ಹತ್ತಿತು. ಆ ಮನಿ ಸೊಸಿ ಚೀರಿದ್ದು ನನಗ ಕೇಳಿಸಿತ್ತು. ಸುಳ್ಳು ಯಾಕ ಹೇಳ್ಲಿ. ಒಳಗ ಕೂಲರ್ ಗರ್ ಅಂತಿತ್ತು, ಟೀವ್ಯಾಗ ಧಾರಾವಾಹಿ ನಡದಿತ್ತು. ‘ಯಾರೋ ಜಗಳಕ್ಕ ಬಿದ್ದಾರ’ ಅಂದ್ಕೊಂಡು ನಾ ಏಳಲೇ ಇಲ್ಲ. ಹೊಗಿ ವಾಸನಿ ಬಂದು ಹೊರಗ ಓಡೂದ್ರಾಗ ಬಣವಿ ಬಾಜೂಕ ಗೂಟಕ್ಕ ಕಟ್ಟಿದ್ದ ಕರ ಉಳಿದಿರ್ಲಿಲ್ಲ. ಕೊಳ್ಳಾಗಿನ ಹಗ್ಗ ಬಿಚ್ಚಾಕ ಒಂದು ನಿಮಿಷ ಸಾಕಿತ್ತು. ಸಿಂಧನೂರಿಂದ ಬೆಂಕಿ ಆರಿಸೋ ಬಂಡಿ ಬರೋ ಹೊತ್ತಿಗೆ ಬಣವಿ ಬೂದಿಯಾಗಿತ್ತು.

ಮರುವರ್ಷ, 2025ರ ಮೇ 7ಕ್ಕ, ದೇಶದ ತುಂಬ ನಾಗರಿಕ ರಕ್ಷಣೆಯ ಅಣಕು ಕವಾಯತು ಅಂತ ಟೀವ್ಯಾಗ ಬಂತು. ಊರುಗಳ ಪಟ್ಟಿಯೊಳಗ ನಮ್ಮ ರಾಯಚೂರಿನ ಹೆಸರೂ ಇತ್ತು. ದಿನಾ ಟೀವಿ ತುಂಬ ಸೈರನ್ ಸದ್ದು. ಅದೇ ತಿಂಗಳು ಹಳೇ ಪಾತ್ರಿ ಹಾಕಾಕ ಸಿಂಧನೂರಿಗೆ ಹೋದಾಗ, ಗುಜರಿ ಅಂಗಡ್ಯಾಗ ಸೈಕಲ್ ಗಾಲಿ, ಪಂಪಸೆಟ್ ತುಂಡಿನ ನಡುವ ಇದು ಬಿದ್ದಿತ್ತು. ಹಿಡಿಕಿ ಹಿಡಿದು ಒಂದು ಸುತ್ತು ತಿರುವಿದೆ. ‘ಊಂ’ ಅಂತು. ನನ್ನ ಮೈ ಜುಮ್ ಅಂತು. ಅಂಗಡ್ಯಾವ ಕಿಲೋ ಲೆಕ್ಕದಾಗ ತೂಗಿ ಕೊಟ್ಟ. ನಮ್ಮ ಮನಿಯವ್ರು “ಪಾತ್ರಿ ಕೊಟ್ಟು ಕಬ್ಬಿಣ ತಂದ್ಯಾ?” ಅಂತ ನಕ್ಕರು.

ತಂದಾಕಿ ಮೊದ್ಲು ಮಾಡಿದ ತಪ್ಪು ಕೇಳ್ರಿ. ಅದರ ಮೈಮ್ಯಾಲ ಒಂದು ಹಿತ್ತಾಳಿ ಪಟ್ಟಿ ಇತ್ತು, ಕಿಲುಬು ಹಿಡಿದಿತ್ತು. ನಮ್ಮ ಕೈ ಸುಮ್ನ ಇರ್ತೈತೇನು? ಹುಣಸಿಹಣ್ಣು, ಉಪ್ಪು, ಬೂದಿ ಹಚ್ಚಿ ದೇವರ ಸಾಮಾನು ತಿಕ್ಕಿದಂಗ ತಿಕ್ಕಿದೆ. ಪಟ್ಟಿ ಬಂಗಾರದಂಗ ಹೊಳೀತು, ಅಕ್ಷರ ಹೋದ್ವು! ಮಾಡಿದವ್ರ ಹೆಸರು, ನಂಬರು ಎಲ್ಲಾ ಅಳಿಸಿ, ಮಸುಕಾಗಿ ‘ಬಾಂಬೆ’ ಅನ್ನೋ ಒಂದು ಮಾತು ಉಳೀತು. ಸೈರನ್ನಿಗೆ ಆ ಪಟ್ಟೀನೇ ಜಾತಕ ಅಂತ ಆಮ್ಯಾಲ ತಿಳೀತು. ಅದಕ್ಕ ಹೇಳ್ತೀನಿ, ನಿಮಗ ಇಂಥಾದ್ದು ಸಿಕ್ರ ಒಣ ಅರಿವಿಲೆ ಧೂಳು ಒರಸ್ರಿ, ಅಷ್ಟೇ. ಮ್ಯಾಲ ತೆಳು ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿದ್ರ ಕೆತ್ತಿದ ಅಕ್ಷರ ಹಾಳಿಗೆ ಮೂಡ್ತಾವ. ಹಳೇ ಬಣ್ಣ ಕೆರೀಬ್ಯಾಡ್ರಿ. ಹಳೇ ಬಣ್ಣದಾಗ ಸೀಸ ಇರಬಹುದು, ಕೂಸುಗಳಿರೋ ಮನ್ಯಾಗ ಆ ಪುಡಿ ವಿಷ.

ಪಟ್ಟಿ ಗಟ್ಟಿ ಇದ್ರ ವಯಸ್ಸು ಹೇಳೋದು ಸೊಸಿ ತವರುಮನಿ ವಿಚಾರಿಸಿದಷ್ಟೇ ಸುಲಭ. ವಿಳಾಸದಾಗ ಆರಂಕಿ ಪಿನ್‌ಕೋಡ್ ಇದ್ರ 1972ರ ಆಗಸ್ಟ್ 15ರ ಈಚಿನದು, ಯಾಕಂದ್ರ ಪಿನ್‌ಕೋಡ್ ಬಂದದ್ದೇ ಆವತ್ತು. ‘ಮೈಸೂರು ರಾಜ್ಯ’ ಅಂತ ಇದ್ರ 1973ರ ನವೆಂಬರ್ 1ಕ್ಕ ಕರ್ನಾಟಕ ಅಂತ ಹೆಸರಾಗೂಕಿಂತ ಮೊದ್ಲಿನದು. ‘ಬಾಂಬೆ’ ಮುಂಬೈ ಆದದ್ದು 1995ರಾಗ, ಹಂಗಾಗಿ ನಂದು ಬಹುತೇಕ ಅದರ ಹಿಂದಿನದು. ಐಎಸ್‌ಐ ಮುದ್ರಿ ಇದ್ರ ಸ್ವಾತಂತ್ರ್ಯ ಬಂದ ಮ್ಯಾಲಿಂದು.

ಪಟ್ಟಿ ಹೋದ್ರೂ ಜಾತಿ ಗುರುತಿಸಬಹುದು. ಗಿರಣಿಗಳ ಹಳೇ ಭೋಂಗಾ ಉಗಿಲೆ ಊದೋ ದೊಡ್ಡ ಸೀಟಿ, ಅದರೊಳಗ ತಿರಗೋದು ಏನೂ ಇಲ್ಲ. ಈಗಿನ ಬಂಡಿ ಮ್ಯಾಲಿಂದು ಬರೇ ಸ್ಪೀಕರ್. ನಮ್ಮದು ಗಾಳಿ ಕತ್ತರಿಸೋ ಜಾತಿ. ಹೊರಗ ಸುತ್ತ ಕಿಟಕಿ ಇರೋ ಒಂದು ಡಬ್ಬಿ, ಅದರೊಳಗ ರೆಕ್ಕಿ ಇರೋ ಇನ್ನೊಂದು. ಒಳಗಿಂದು ತಿರುಗಿದಂಗ ಕಿಟಕಿ ತೆರದು ಮುಚ್ಚಿ, ಗಾಳಿ ತುಂಡು ತುಂಡಾಗಿ ಹೊರಗ ಬರ್ತೈತಿ. ಅದೇ ಕೂಗು.

ನಾ ಒಳಗಿನ ಒಂದು ರೆಕ್ಕಿಗೆ ಕುಂಕುಮದ ಬೊಟ್ಟಿಟ್ಟು, ಹಿಡಿಕಿನ್ನ ನಿಧಾನಕ ಒಂದು ಸುತ್ತು ತಿರುವಿ ಎಣಿಸಿದೆ. ಬೊಟ್ಟು 40 ಸಲ ಬಂತು. ಕಿಟಕಿ 10. ಅಂದ್ರ ಸೆಕೆಂಡಿಗೆ ಒಂದು ಸುತ್ತು ತಿರುವಿದ್ರ ಗಾಳಿ 400 ಸಲ ತುಂಡಾಗ್ತೈತಿ. ಜೋರು ತಿರುವಿದ್ರ ಸ್ವರ ಏರ್ತೈತಿ, ಕೈ ಸಡಿಲ ಬಿಟ್ರ ಇಳೀತೈತಿ. ಕರೆಂಟಿನ ದೊಡ್ಡ ಸೈರನ್ನುಗಳಾಗ ಮೋಟಾರಿನ ಎರಡೂ ಕಡೆ ಡಬ್ಬಿ ಇರೋವು ಅದಾವ. ಎರಡನೇ ಮಹಾಯುದ್ಧದ ಕಾಲಕ್ಕ ಇಂಗ್ಲೆಂಡಿನಾಗ ಒಂದು ಕಡೆ 10, ಇನ್ನೊಂದು ಕಡೆ 12 ಕಿಟಕಿ ಮಾಡಿ ಎರಡು ಸ್ವರ ಕೂಡಿಸಿದ್ರು. ಹಂಗಾಗಿ ಇದನ್ನ ಕೂಡಿಡೋರು ಮೊದ್ಲು ಕಿಟಕಿ ಎಣಿಸ್ತಾರ.

ಇದಕ್ಕ ಸೈರನ್ ಅಂತ ಹೆಸರಿಟ್ಟಾವ ಫ್ರಾನ್ಸಿನ ಕಾನ್ಯಾರ್ ದ ಲಾ ತೂರ್, 1819ರಾಗ. ನೀರಿನೊಳಗೂ ಕೂಗ್ತೈತಿ ಅಂತ ಗ್ರೀಕ್ ಪುರಾಣದ ಸಮುದ್ರದ ಹಾಡುಗಾತಿಯರ ಹೆಸರು ಕೊಟ್ಟ. ಅವರು ಹಾಡಿ ಕರದು ಹಡಗು ಮುಳುಗಿಸೋರಂತ. ಹೆಸರು ಹೆಣ್ಣುಮಕ್ಕಳದು, ಅದರಾಗೂ ಅಪವಾದ ನಮಗ! ಇರ್ಲಿ, ಇದು ಕೂಗಿ ಉಳಿಸೋದು.

ಎಣ್ಣಿ ಬಿಟ್ಟು ಸರಿ ಮಾಡಿದ ಮ್ಯಾಲ ಒಂದಿನ ಮುಂಜಾನೆ ಕಿವಿಗೆ ಹತ್ತಿ ಇಟ್ಕೊಂಡು ಹಿತ್ತಲದಾಗ ತಿರುವಿದೆ. ಓಣಿ ಹುಡುಗ್ರೆಲ್ಲ ಓಡಿ ಬಂದ್ರು, ಸದ್ದಿನ ಕಡೀಗೇ! “ಆಂಟಿ, ಏನ್ರಿ ಇದು, ಇನ್ನೊಮ್ಮೆ ತಿರುವ್ರಿ” ಅಂತ ಕುಣದ್ರು. ಬಾಜೂ ಮನಿ ಅಕ್ಕ ಬಾಗಲಾಗ ನಿಂತು ನಕ್ಕಳು. ನಮ್ಮತ್ತಿ ಒಬ್ಬರೇ ಒಲಿ ಆರಿಸಿ, ಮೊಮ್ಮಗಳ ಕೈ ಹಿಡಕೊಂಡು ಅಂಗಳಕ್ಕ ಬಂದು ನಿಂತಿದ್ರು. ಮುಖ ಬಿಳಚಿಕೊಂಡಿತ್ತು.

ಅವ್ರ ತವರು ಲಿಂಗಸುಗೂರು ತಾಲೂಕಿನ ಹಟ್ಟಿ. ಅಲ್ಲಿ ಚಿನ್ನದ ಗಣಿ ಕಂಪನಿ ನಿಜಾಮರ ರಾಜ್ಯದಾಗ 1947ಕ್ಕ ಹೈದರಾಬಾದ್ ಗೋಲ್ಡ್ ಮೈನ್ಸ್ ಅಂತ ಶುರುವಾದದ್ದು. ಅವ್ರಪ್ಪ ಅಲ್ಲೇ ದುಡೀತಿದ್ರು. ಪಾಳಿ ಬಿಡೋ ಭೋಂಗಾ ಕೇಳಿಯೇ ಅವ್ರವ್ವ ಹಂಚು ಇಡ್ತಿದ್ರಂತ. “ವ್ಯಾಳ್ಯಾ ಅಲ್ಲದ ವ್ಯಾಳ್ಯಾಕ ಕೂಗಿದ್ರ ಮೊದ್ಲು ಒಲಿ ಆರಿಸು, ಆಮ್ಯಾಲ ಕೂಸು ಎತ್ಕೋ ಅಂತ ನಮ್ಮವ್ವ ಕಲಿಸಿದ್ಳು. ನೀ ಸುಮ್ಮಸುಮ್ಮನ ಹಂಗ ಕೂಗಿಸಬ್ಯಾಡ ತಾಯಿ” ಅಂದ್ರು.

ಅವತ್ತು ರಾತ್ರಿ ನನಗ ನಿದ್ದಿ ಬರ್ಲಿಲ್ಲ. ಅಷ್ಟು ಮಂದಿ ಕೇಳಿದ್ರು, ತಿಳಿದದ್ದು ಎಂಬತ್ತು ದಾಟಿದ ಒಂದು ಜೀವಕ್ಕ. ಎಷ್ಟು ಜೋರು ಕೂಗಿದ್ರೂ, ಅದಕ್ಕ ಏನು ಅರ್ಥ ಅಂತ ಗೊತ್ತಿಲ್ದವ್ರಿಗೆ ಅದು ಬರೇ ಗದ್ದಲ. ಆ ಸೊಸಿ ಚೀರಿದಾಗ ನಾ ಮಾಡಿದ್ದೂ ಅದೇ. ಕಬ್ಬಿಣ ಕೂಡಿಟ್ಟು, ಅದರ ಅರ್ಥ ಹೋಗಗೊಟ್ರ ನಾ ಕೂಡಿಟ್ಟದ್ದು ಗುಜರೀನೇ.

ಊರಾಗ ಹಿಂಗ ಸೈರನ್ ಊದೋದು ಹುಡುಗಾಟ ಅಲ್ಲ. ಪಂಚಾಯ್ತಿಗೆ, ಪೊಲೀಸ್ ಠಾಣೆಗೆ ಹೋಗಿ ಹೇಳಿ, ಅವ್ರು ಹೂಂ ಅಂದ ಮ್ಯಾಲ ಓಣ್ಯಾಗಿನ ಹೆಣ್ಣುಮಕ್ಕಳೆಲ್ಲ ಕೂತು ಮಾತಾಡಿದ್ವಿ. ನಾಗರಿಕ ರಕ್ಷಣೆಯವ್ರ ರೂಢೀನೇ ಇಟ್ಕೊಂಡ್ವಿ: ಏರಿ ಇಳಿದು ಕೂಗಿದ್ರ ಅಪಾಯ, ಒಂದೇ ಸಮ ಕೂಗಿದ್ರ ಅಪಾಯ ಮುಗೀತು. ಒಬ್ಬಾಕಿ 112ಕ್ಕ ಫೋನ್ ಹಚ್ಚಬೇಕು, ಒಬ್ಬಾಕಿ ಮುದುಕರನ್ನ ಹೊರಗ ತರಬೇಕು, ದೊಡ್ಡ ಹುಡುಗ್ರು ದನದ ಹಗ್ಗ ಬಿಚ್ಚಬೇಕು. ಅಮಾಸಿಗೆ ಎತ್ತು ಹೂಡೂದಿಲ್ಲ, ಮಂದಿ ಮನ್ಯಾಗಿರ್ತಾರ. ಅದಕ್ಕ ಪ್ರತಿ ಅಮಾಸಿ ಮುಂಜಾನೆ ಹತ್ತಕ್ಕ, ಮೊದ್ಲೇ ಸಾರಿ ಹೇಳಿ, ಒಂದು ನಿಮಿಷ ಕೂಗಿಸ್ತೀವಿ.

ಈ ಹುಚ್ಚು ಬೆಳೀಲಿಲ್ಲ ಅಂತಲ್ಲ. ಮತ್ತೊಂದು ಕಡೆ ಕರೆಂಟಿನ ದೊಡ್ಡ ಸೈರನ್ ಕಂಡೆ, ಬಾಯಾಗ ನೀರು ಬಂತು. ಮೈಮ್ಯಾಲ ಸರ್ಕಾರಿ ಮುದ್ರಿ ಇತ್ತು, ಹರಾಜಿನ ರಸೀದಿ ಇರ್ಲಿಲ್ಲ. ಬಿಟ್ಟು ಬಂದೆ. ನಮ್ಮ ಮೈದುನನ ಗೆಳೆಯ ಒಬ್ಬ ನಂದಕ್ಕೇ ಮೂರು ಪಟ್ಟು ರೊಕ್ಕ ಕೊಡ್ತೀನಿ, ಹೋಟೆಲ್‌ನಾಗ ಶೋಕಿಗೆ ಇಡ್ತೀನಿ ಅಂದ. ಮನಿಯವ್ರು ನನ್ನ ಮುಖ ನೋಡಿದ್ರು. ನಾ ಚಹಾ ಕೊಟ್ಟು ಕಳಿಸಿದೆ.

ಹೋದ ಅಮಾಸಿಗೆ ಹಿಡಿಕಿ ತಿರುವಿದಾಕಿ ಆ ಬಣವಿ ಸುಟ್ಟ ಮನಿ ಸೊಸಿ. ಅಕಿ ಕೈ ಬಲ ನನಗಿಂತ ಜಾಸ್ತಿ, ಕೂಗು ಊರಾಚೆ ಮುಟ್ಟಿರಬೇಕು. ಹುಡುಗ್ರು ಈ ಸಲ ಸದ್ದಿನ ಕಡೆ ಬರ್ಲಿಲ್ಲ, ನೆಟ್ಟಗ ದನದ ಗೂಟದ ಕಡೆ ಓಡಿದ್ರು. ಅಕಿ ನೋಡಿ ನಕ್ಕಳು. ಅವತ್ತು ನೀ ಚೀರಿದ್ದು ನನಗ ಕೇಳಿಸಿತ್ತು ಅಂತ ನಾ ಇನ್ನೂ ಅಕಿಗೆ ಬಾಯಿಬಿಟ್ಟು ಹೇಳಿಲ್ಲ. ಇದನ್ನ ಓದ್ತಾಳ. ಓದಿ ನಮ್ಮ ಮನಿ ಕಟ್ಟಿಗೆ ಬಂದ್ರ, ಏನರೆ ಅನ್ಲಿ, ಕೂತು ಕೇಳ್ತೀನಿ.