ಕಾಗದ ತುಳಿಯದ ಹುಡುಗ

ನಾನಿರೋದು ಮೈಸೂರಿನ ಕುಂಬಾರಕೊಪ್ಪಲಿನಲ್ಲಿ. ಹೆಸರಲ್ಲಿ ಇನ್ನೂ ಹಳ್ಳಿ ಉಳಿದಿದೆ, ಸುತ್ತ ಸಿಟಿ ಬೆಳೆದುಬಿಟ್ಟಿದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಹತ್ತಿರ ಅಂತ ನನ್ನಂಥ ಸಾಫ್ಟ್‌ವೇರಿನವರೂ ಇಲ್ಲಿ ಬಾಡಿಗೆಗೆ ಇದ್ದೀವಿ. ಹೋದ ವರ್ಷದಿಂದ ಅಕ್ಕನ ಮಗನೂ ನನ್ನ ಜೊತೆಗಿದ್ದಾನೆ. ಹುಣಸೂರು ಕಡೆಯ ನಮ್ಮ ಹಳ್ಳಿಯಿಂದ ಪಿಯುಸಿ ಓದೋಕೆ ಅಂತ ಬಂದವನು. ಓದೋದಕ್ಕಿಂತ ಅನಿಮೆ ನೋಡೋದೇ ಜಾಸ್ತಿ.

"ಮಾವ, ಒಂದೇ ಒಂದ್ ಎಪಿಸೋಡ್ ನೋಡು. ಇಷ್ಟ ಆಗ್ಲಿಲ್ಲ ಅಂದ್ರೆ ನಾಳೆಯಿಂದ ಕೆಮಿಸ್ಟ್ರಿ ಓದ್ತೀನಿ" ಅಂದ. ನನಗೆ ಇಷ್ಟ ಆಗಿಬಿಡ್ತು. ಕೆಮಿಸ್ಟ್ರಿ ಅಲ್ಲೇ ನಿಂತಿತು.

ಅದು 'ಡೀಮನ್ ಸ್ಲೇಯರ್'. ಕೊಯೊಹಾರು ಗೊತೊಗೆಯವರ ಮಾಂಗಾ. 2016ರಿಂದ 2020ರವರೆಗೆ ಜಪಾನಿನ ವಾರಪತ್ರಿಕೆಯಲ್ಲಿ ಬಂದು 23 ಸಂಪುಟಗಳಲ್ಲಿ ಮುಗಿದಿದೆ. 2019ರಲ್ಲಿ ಅನಿಮೆ ಆಯ್ತು. ತಾಂಜಿರೋ ಬೆಟ್ಟದ ಮೇಲಿನ ಇದ್ದಿಲು ಮಾರುವ ಹುಡುಗ. ಒಂದು ರಾತ್ರಿ ಅವನ ಮನೆಯವರನ್ನೆಲ್ಲ ರಾಕ್ಷಸ ಕೊಲ್ತಾನೆ. ಉಳಿದವಳು ತಂಗಿ ನೆಜುಕೋ ಒಬ್ಬಳೇ, ಅವಳೂ ರಾಕ್ಷಸಿಯಾಗಿದ್ದಾಳೆ. ಅವಳನ್ನ ಪೆಟ್ಟಿಗೆಯಲ್ಲಿಟ್ಟು ಬೆನ್ನಿಗೆ ಹಾಕ್ಕೊಂಡು, ಮತ್ತೆ ಮನುಷ್ಯಳನ್ನಾಗಿ ಮಾಡೋ ದಾರಿ ಹುಡುಕ್ತಾ ರಾಕ್ಷಸರನ್ನ ಕಡಿಯೋದು ಕಥೆ.

ಇದರ ಡೈಲಾಗುಗಳು ನಮ್ಮ ಹುಡುಗನಿಗೆ ಬಾಯಿಪಾಠ. ಹಿಮದಲ್ಲಿ ಮಂಡಿಯೂರಿ ಬೇಡಿಕೊಳ್ಳೋ ತಾಂಜಿರೋಗೆ ಗಿಯು, ನಿನ್ನ ಬದುಕು ಸಾವನ್ನ ಇನ್ನೊಬ್ಬರ ಕೈಗೆ ಕೊಡಬೇಡ ಅಂತ ಬೈಯೋದು ಅವನ ವಾಟ್ಸಾಪ್ ಸ್ಟೇಟಸ್ಸು. ಬಲ ಇರೋದು ಬಲ ಇಲ್ಲದವರನ್ನ ಕಾಯೋಕೆ ಅಂತ ರೆಂಗೋಕುಗೆ ಅವನ ತಾಯಿ ಹೇಳೋದನ್ನಂತೂ ಊಟಕ್ಕೆ ಕೂತಾಗಲೂ ಒಪ್ಪಿಸ್ತಾನೆ. ಮಾತುಗಳೇನೋ ಚೆನ್ನಾಗಿವೆ. ನನ್ನನ್ನ ಹಿಡಿದದ್ದು ಮಾತಲ್ಲ, ತಾಂಜಿರೋ ಕಾಲಿಟ್ಟ ರೀತಿ.

ಕ್ಯೊಗಾಯ್ ಅಂತೊಬ್ಬ ರಾಕ್ಷಸ. ಮೈಗೆ ಡೋಲು ಅಂಟಿಕೊಂಡಿವೆ, ಬಡಿದರೆ ಕೋಣೆಯೇ ತಿರುಗತ್ತೆ. ಅವನಿಗೆ ಬರೆಯೋ ಹುಚ್ಚು. ಒಬ್ಬ ಅವನ ಬರಹವನ್ನ ಕಸ ಅಂತ ಹೀಯಾಳಿಸಿ, ಹಾಳೆಗಳನ್ನ ತುಳಿದಿರ್ತಾನೆ. ಕ್ಯೊಗಾಯ್ ಅವನನ್ನ ಕೊಂದುಹಾಕಿರ್ತಾನೆ. ಈಗ ತಾಂಜಿರೋ ಜೊತೆ ಹೊಡೆದಾಟ. ಕೋಣೆ ತುಂಬ ಅದೇ ಹಾಳೆಗಳು ಚೆಲ್ಲಾಡಿವೆ. ಪಕ್ಕೆಲುಬು ಮುರಿದುಕೊಂಡು, ಪ್ರಾಣ ಕೈಯಲ್ಲಿ ಹಿಡ್ಕೊಂಡು ನೆಗೆಯೋ ಹುಡುಗ ಆ ಹಾಳೆಗಳ ಮೇಲೆ ಕಾಲಿಡದ ಹಾಗೆ ನೋಡ್ಕೊಳ್ತಾನೆ. ಕೊನೆಗೆ ತಲೆ ಕಡಿದೇ ಕಡೀತಾನೆ. ನಿನ್ನ ವಿದ್ಯೆ ದೊಡ್ಡದು, ಆದ್ರೆ ಜನರನ್ನ ಕೊಂದದ್ದನ್ನ ಕ್ಷಮಿಸಲ್ಲ ಅಂತ ಎರಡನ್ನೂ ಹೇಳ್ತಾನೆ. ರಾಕ್ಷಸ ಅಳ್ತಾ ಕರಗಿ ಹೋಗ್ತಾನೆ.

"ಪಾಸ್ ಮಾಡೋ" ಅಂದೆ. ಎದ್ದು ಹೋಗಿ ನೀರು ಕುಡಿದೆ.

ಯಾಕಂದ್ರೆ ಆ ವಾರ ನನ್ನ ಲ್ಯಾಪ್‌ಟಾಪಲ್ಲಿ ಒಂದು ಡಾಕ್ಯುಮೆಂಟ್ ಇತ್ತು. ನನ್ನ ಟೀಮಿನ ಒಬ್ಬರನ್ನ ಪಿಐಪಿಗೆ ಹಾಕೋ ಕಾಗದ. ಎರಡು ತಿಂಗಳು ಟೈಮ್, ಸುಧಾರಿಸದಿದ್ರೆ ಮನೆಗೆ. ಅವರು ಹೊಸಬರಲ್ಲ. ಬಿಇ ಮುಗಿಸಿ ನಾನು ಕೆಲಸಕ್ಕೆ ಸೇರಿದಾಗ ನನ್ನ ಸೀನಿಯರ್ ಆಗಿದ್ದವರು. ಕನ್ನಡ ಮೀಡಿಯಮ್ಮಿಂದ ಬಂದ ನನ್ನ ಮೊದಲ ಇಮೇಲನ್ನ ಪ್ರೊಜೆಕ್ಟರಿಗೆ ಹಾಕಿ, ಸಾಲು ಸಾಲಾಗಿ ಓದಿ, "ನಿಮ್ಮೂರಲ್ಲಿ ಇದನ್ನೇ ಇಂಗ್ಲಿಷ್ ಅಂತಾರಾ?" ಅಂತ ಕೇಳಿದ್ರು. ಇಡೀ ರೂಮು ನಕ್ಕಿತ್ತು. ನಾನೂ ನಕ್ಕಿದ್ದೆ, ಅದೇ ಹೆಚ್ಚು ನೋವಿನದ್ದು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆದ್ಮೇಲೆ, ಕಂಪನಿ ಬದಲಾಗಿ, ಟೀಮು ಬದಲಾಗಿ ಅವರು ನನ್ನ ಕೆಳಗೆ ಬಂದಿದ್ರು.

ಅವರ ಕೆಲಸ ನಿಜಕ್ಕೂ ಕುಂಟ್ತಾ ಇತ್ತು. ಅದರಲ್ಲಿ ಸುಳ್ಳಿಲ್ಲ. ಆದ್ರೆ ನಾನು ಬರೆದ ಎರಡು ಪುಟದಲ್ಲಿ ಮೂರು ಸಾಲು ಕೆಲಸದ್ದಲ್ಲ. ಅವರ ಮೇಲ್‌ಗಳ ಭಾಷೆ ಬಗ್ಗೆ ಒಂದು, ಈ ವಯಸ್ಸಿಗೆ ಹೊಸದು ಕಲಿಯೋ ಶಕ್ತಿ ಇಲ್ಲ ಅಂತ ಒಂದು, ಜೂನಿಯರ್‌ಗಳೇ ಅವರಿಗಿಂತ ವಾಸಿ ಅಂತ ಒಂದು. ಬರೆಯುವಾಗ ಖುಷಿಯಾಗಿತ್ತು. ಚೆನ್ನಾಗಿ ಬಂದಿದೆ ಅಂತ ಎರಡು ಸಲ ಓದ್ಕೊಂಡಿದ್ದೆ.

ಕ್ಯೊಗಾಯ್ ಬಂದಾಗ ನನಗೆ ಮೊದಲು ಅನ್ನಿಸಿದ್ದು, ಇವನು ನಾನೇ ಅಂತ. ತುಳಿಸಿಕೊಂಡವನು. ನೀರು ಕುಡಿಯುವಾಗ ಮಿಕ್ಕಿದ್ದು ಹೊಳೀತು. ತುಳಿಸಿಕೊಂಡದ್ದನ್ನ ಬಿಡದೆ ಹಿಡ್ಕೊಂಡೇ ಅಲ್ವಾ ಅವನು ಡೋಲು ಬಡೀತಿದ್ದದ್ದು?

ರಾತ್ರಿ ಮುಂದಿನ ಎಪಿಸೋಡುಗಳನ್ನ ನೋಡಿದ್ವಿ. ಜೇಡರ ರಾಕ್ಷಸ ರುಯಿ ಸತ್ತು ಬರೀ ಬಟ್ಟೆ ಉಳಿದಾಗ, ಗಿಯು ಅದರ ಮೇಲೆ ಕಾಲಿಡ್ತಾನೆ. ಜನರನ್ನ ತಿಂದವನಿಗೆ ಮರುಕ ಬೇಡ ಅಂತಾನೆ. ತಾಂಜಿರೋ ಕಾಲು ತೆಗೆಯೋಕೆ ಹೇಳ್ತಾನೆ. ಕತ್ತಿ ಬೀಸುವಾಗ ಹಿಂಜರಿಯಲ್ಲ, ಆದ್ರೆ ಪಶ್ಚಾತ್ತಾಪ ಪಟ್ಟವರನ್ನ ತುಳಿಯಲ್ಲ ಅನ್ನೋದು ಅವನ ನಿಲುವು.

ಇದೇನೂ ನಮಗೆ ಹೊಸದಲ್ಲ. ಪಿಯುಸಿಯಲ್ಲಿ ಕನ್ನಡ ಮೇಷ್ಟ್ರು ರನ್ನನ 'ಗದಾಯುದ್ಧ'ದ ಬಗ್ಗೆ ಹೇಳ್ತಾ, ಗೆಲ್ಲೋನು ಭೀಮ, ಮನಸ್ಸಲ್ಲಿ ಉಳಿಯೋನು ದುರ್ಯೋಧನ ಅಂದಿದ್ರು. ನಮ್ಮೂರಿಗೆ ಹೆಸರು ಬಂದಿರೋದೇ ಮಹಿಷಾಸುರನಿಂದ ಅಂತಾರೆ. ಚಾಮುಂಡಿ ಬೆಟ್ಟಕ್ಕೆ ದೇವಿ ನೋಡೋಕೆ ಹೋದವರು ಕತ್ತಿ, ಹಾವು ಹಿಡಿದು ನಿಂತ ಅವನ ಮುಂದೆಯೂ ನಿಂತು ಫೋಟೋ ತೆಗೆಸ್ಕೊಂಡೇ ಬರ್ತಾರೆ.

ಒಂದು ವ್ಯತ್ಯಾಸ ಇದೆ. ಅನಿಮೆಯಲ್ಲಿ ಸಾಯೋ ಮುಂಚೆ ರಾಕ್ಷಸರಿಗೆ ಫ್ಲ್ಯಾಶ್‌ಬ್ಯಾಕ್ ಬರತ್ತೆ, ನಮಗೆ ಕರುಣೆ ಬರತ್ತೆ. ಆಫೀಸಲ್ಲಿ ಯಾರ ಫ್ಲ್ಯಾಶ್‌ಬ್ಯಾಕೂ ಬರಲ್ಲ. ಅವರು ಅವತ್ತು ಯಾಕೆ ಹಾಗೆ ಮಾಡಿದ್ರೋ ನನಗೆ ಗೊತ್ತಿಲ್ಲ. ಆದ್ರೆ ತಾಂಜಿರೋಗೆ ಕ್ಯೊಗಾಯ್ ಕಥೆ ಎಲ್ಲಿ ಗೊತ್ತಿತ್ತು? ನಮಗೆ ತೋರಿಸಿದ್ದನ್ನ ಅವನು ನೋಡಿರಲಿಲ್ಲ. ಯಾರೋ ಕೈಯಾರೆ ಬರೆದದ್ದು ಅಂತ ಮಾತ್ರ ಕಂಡಿತ್ತು. ಅಷ್ಟು ಸಾಕಾಯ್ತು.

ಆ ಮೂರು ಸಾಲು ತೆಗೆದೆ. ಮಿಕ್ಕಿದ್ದು ಹಾಗೇ ಕಳಿಸಿದೆ. ಮೀಟಿಂಗಲ್ಲಿ ಅವರು ಪೂರ್ತಿ ಓದಿ, "ಕರೆಕ್ಟಾಗೇ ಇದೆ" ಅಂದ್ರು. ಎರಡು ತಿಂಗಳಾದ್ಮೇಲೆ ಕೆಲಸ ಬಿಟ್ಟು ಹೋದ್ರು. ಪ್ರೊಜೆಕ್ಟರಿನ ವಿಷಯ ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮನಸ್ಸು ಹಗುರವಾಯ್ತು ಅಂತ ಹೇಳಲಾರೆ. ತೆಗೆದ ಸಾಲುಗಳು ನನಗೆ ಇನ್ನೂ ಬಾಯಿಗೆ ಬರ್ತವೆ.

ಮೊನ್ನೆ ಕತ್ತಲಲ್ಲಿ ನಡೆಯುವಾಗ ನೆಲದ ಮೇಲಿದ್ದ ಹುಡುಗನ ಕೆಮಿಸ್ಟ್ರಿ ರೆಕಾರ್ಡ್ ಕಾಲಿಗೆ ಸಿಕ್ತು. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಏನ್ ಮಾವ, ತಾಂಜಿರೋ ಆಗ್ಬಿಟ್ಯಾ?" ಅಂತ ನಕ್ಕ.

"ಇಲ್ಲ ಕಣೋ, ಇದು ನಿಮ್ಮಜ್ಜಿ ಕಲಿಸಿದ್ದು" ಅಂದೆ. "ಮೊದ್ಲು ಇದನ್ನ ಬರೆದು ಮುಗಿಸು."