ಒಡಕು ದನಿ

ಮನುಷ್ಯನ ದನಿ ಹುಟ್ಟಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಕರಗಿಹೋಗುವಂಥದು. ಅದನ್ನು ಹಿಡಿದಿಡುವ ಉಪಾಯವು 1877ರಲ್ಲಿ ಎಡಿಸನ್ನನಿಗೆ ಹೊಳೆಯಿತು. ಹತ್ತು ವರ್ಷಗಳ ತರುವಾಯ ಬರ್ಲಿನರ್ ಎಂಬಾತನು ದನಿಯನ್ನು ಚಪ್ಪಟೆಯಾದ ತಟ್ಟೆಯ ಮೇಲೆ ಕೊರೆಯುವ ಮಾರ್ಗವನ್ನು ಕಂಡುಹಿಡಿದನು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡು ಇಂಥ ತಟ್ಟೆಯ ಮೇಲೆ ಮುದ್ರಿತವಾಯಿತು. ಆಕೆ ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡಳು. ಆದರೆ ಆಕೆಯ ದನಿ ಇಂದಿಗೂ ಉಳಿದಿದೆ. ದನಿಯನ್ನು ಉಳಿಸಿಕೊಟ್ಟ ಆ ತಟ್ಟೆಯಾದರೂ ಏನು? ಮರದ ಕೊಂಬೆಗಳ ಮೇಲೆ ಸಣ್ಣ ಹುಳುಗಳು ಸ್ರವಿಸುವ ಅರಗಿಗೆ ಕಲ್ಲಿನ ಹುಡಿಯನ್ನು ಬೆರೆಸಿ ಒತ್ತಿದ ಒಂದು ಬಿಲ್ಲೆ. ಕೈಜಾರಿದರೆ ಒಡೆಯುತ್ತದೆ, ಒರಟಾಗಿ ನಡೆಸಿಕೊಂಡರೆ ಸವೆಯುತ್ತದೆ.

ಅಜ್ಜಂಪುರದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ಇಂಥ ಹತ್ತಿಪ್ಪತ್ತು ತಟ್ಟೆಗಳಿದ್ದವು. ಅವರ ತಂದೆಯ ಕಾಲದಲ್ಲಿ ಮನೆಯಲ್ಲಿದ್ದುದು ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನು. ಅದರ ಉಕ್ಕಿನ ಮುಳ್ಳನ್ನು ತಟ್ಟೆಯ ಒಂದು ಮಗ್ಗುಲು ಮುಗಿದೊಡನೆ ಬದಲಾಯಿಸಬೇಕಾಗಿತ್ತು. ತಂದೆಯವರು ಪುಟ್ಟ ತಗಡಿನ ಡಬ್ಬಿಯಿಂದ ಹೊಸ ಮುಳ್ಳೊಂದನ್ನು ಆರಿಸಿ, ಬೆಳಕಿಗೆ ಹಿಡಿದು ನೋಡಿ, ತಿರುಪನ್ನು ಬಿಗಿದು, ಬಳಿಕವೇ ಹಾಡು ಕೇಳಿಸುತ್ತಿದ್ದರು. ಮಕ್ಕಳಿಗೆ ಈ ವಿಧಿಗಳೆಲ್ಲ ಬೇಸರ ತರುತ್ತಿದ್ದವು. ಎಪ್ಪತ್ತರ ದಶಕದಲ್ಲಿ ಮೇಷ್ಟರು ವಿದ್ಯುತ್ತಿನಿಂದ ನಡೆಯುವ ರೆಕಾರ್ಡ್ ಪ್ಲೇಯರನ್ನು ಕೊಂಡು ತಂದರು. ಅದರ ಮುಳ್ಳು ಗಟ್ಟಿಯಾದ ನೀಲಮಣಿಯದು. ದಿನದಿನವೂ ಬದಲಾಯಿಸುವ ತೊಡಕಿಲ್ಲ. ಹೀಗಾಗಿ ಯಂತ್ರಕ್ಕೊಂದು ಮುಳ್ಳಿದೆ ಎಂಬುದನ್ನೇ ಮೇಷ್ಟರು ಮೆಲ್ಲಮೆಲ್ಲನೆ ಮರೆತರು. ಸೌಕರ್ಯವು ಬಂದ ಬಾಗಿಲಿನಿಂದಲೇ ಮರೆವೂ ಒಳಗೆ ಬರುವುದುಂಟು.

ಆ ತಟ್ಟೆಗಳಲ್ಲಿ ಒಂದು ಅವರಿಗೆ ಪ್ರಾಣಪ್ರಿಯವಾಗಿತ್ತು. ಕಡೂರಿನಿಂದ ದಕ್ಷಿಣಕ್ಕೆ ರೈಲುಹಾದಿಯ ಮಗ್ಗುಲಲ್ಲೇ ಇರುವ ಬಾಣಾವರದ ಹೆಸರನ್ನು ಹೊತ್ತ ಗಾಯಕರು ಬಿ. ಎಸ್. ರಾಜಯ್ಯಂಗಾರ್ಯರು. ಪುರಂದರದಾಸರ ‘ಜಗದೋದ್ಧಾರನ’ ಎಂಬ ಕೃತಿಯನ್ನು ಅವರು ಹಾಡಿದ ಧ್ವನಿಮುದ್ರಿಕೆ ಅದು. ಸಂಜೆ ದೀಪ ಹಚ್ಚಿದ ಮೇಲೆ ಆ ಹಾಡು ತೊಡಗಿದರೆ ಮೇಷ್ಟರ ಮಡದಿಯು ಅಡಿಗೆಮನೆಯಿಂದಲೇ ದನಿಗೂಡಿಸುತ್ತಿದ್ದರು. ಆಕೆ ತೀರಿಕೊಂಡು ಮೂರು ವರ್ಷಗಳಾಗಿದ್ದವು. ಆಕೆಯ ದನಿ ಯಾವ ತಟ್ಟೆಯಲ್ಲಿಯೂ ಮುದ್ರಿತವಾಗಿರಲಿಲ್ಲ. ಆದರೂ ಹಾಡಿನ ನಡುವೆ ಎಲ್ಲೋ ಒಂದೆಡೆ ಅದು ಇದೆಯೆಂದೇ ಮೇಷ್ಟರಿಗೆ ತೋರುತ್ತಿತ್ತು.

ಬೇಸಗೆಯ ರಜೆಯ ಒಂದು ಸಂಜೆ ಆ ಹಾಡು ಒಡೆಯಿತು. ಇಂಪಾದ ಕಂಠದ ಬದಲು ಕರಕರ ಎಂಬ ಸದ್ದು. ಸಕಾರ ಬಂದೆಡೆಯಲ್ಲೆಲ್ಲ ಬುಸುಗುಟ್ಟುವಿಕೆ. ನಡುನಡುವೆ ಮುಳ್ಳು ಜಾರಿ ಮುಂದಕ್ಕೆ ಹೋಗುತ್ತಿತ್ತು. “ಇದನ್ನು ಮುಟ್ಟಿದವರಾರು?” ಎಂದು ಮೇಷ್ಟರು ಗದರಿದರು. ರಜೆಗೆ ಬಂದಿದ್ದ, ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗನು ಏನನ್ನೋ ಹೇಳಲು ಬಾಯಿ ತೆರೆದವನು ಅಜ್ಜನ ಮುಖವನ್ನು ನೋಡಿ ಸುಮ್ಮನಾದನು.

ಮನುಷ್ಯನಿಗೆ ಕಾಯಿಲೆ ಬಂದರೆ ಬಂದವರೆಲ್ಲ ವೈದ್ಯರಾಗುವಂತೆ ಯಂತ್ರದ ವಿಷಯದಲ್ಲಿಯೂ ಆಗುತ್ತದೆ. ತಟ್ಟೆ ಮುದಿಯಾಗಿದೆ, ಬಿಸುಡಿರಿ ಎಂದರು ಒಬ್ಬರು. ವಿದ್ಯುತ್ತಿನ ಏರಿಳಿತವೇ ಕಾರಣವೆಂದರು ಇನ್ನೊಬ್ಬರು. ಮೂರನೆಯವರ ಸಲಹೆ ಎಲ್ಲಕ್ಕಿಂತ ಸುಲಭವಾಗಿತ್ತು: “ತೋಳು ಹಗುರವಾಗಿ ಮುಳ್ಳು ಜಾರುತ್ತಿದೆ. ಮೇಲೊಂದು ನಾಣ್ಯವನ್ನಿಡಿ.” ಮೇಷ್ಟರು ಐವತ್ತು ಪೈಸೆಯ ನಾಣ್ಯವನ್ನು ತೋಳಿನ ತುದಿಗೆ ಅಂಟಿಸಿದರು. ಅದರ ತೂಕ ಐದು ಗ್ರಾಂ. ಕೆಲವೇ ಗ್ರಾಂ ಭಾರವನ್ನು ಊರಲೆಂದು ಮಾಡಿದ ಮುಳ್ಳಿಗೆ ಅದು ಸಣ್ಣ ಹೊರೆಯಲ್ಲ. ಮುಳ್ಳು ಜಾರುವುದೇನೋ ನಿಂತಿತು. ದನಿ ಮಾತ್ರ ಸುಧಾರಿಸಲಿಲ್ಲ. ಹಟ ಹಿಡಿದ ಮೇಷ್ಟರು ಒಂದೇ ಸಂಜೆ ಆ ತಟ್ಟೆಯನ್ನು ಏಳೆಂಟು ಸಲ ತಿರುಗಿಸಿದರು.

ಮರುದಿನ ಅವರು ಯಂತ್ರವನ್ನು ಹಳೆಯ ಪಂಚೆಯಲ್ಲಿ ಸುತ್ತಿ, ತಟ್ಟೆಯನ್ನು ಮೊಮ್ಮಗನ ಕೈಗೆ ಕೊಟ್ಟು ರೈಲು ಹತ್ತಿದರು. ಬೀರೂರನ್ನು ದಾಟಿ ಕಡೂರಿನಲ್ಲಿ ಇಳಿದು ಒಂದು ರೇಡಿಯೋ ಅಂಗಡಿಗೆ ಹೋದರು. ಅಲ್ಲಿಯ ತರುಣನು ತಟ್ಟೆಯನ್ನು ಹಾಕಲೇ ಇಲ್ಲ. ರೇಡಿಯೋ ಒಂದರ ತಂತಿಯನ್ನು ತಂದು ಪ್ಲೇಯರಿನ ಧ್ವನಿವರ್ಧಕ ಭಾಗಕ್ಕೆ ಜೋಡಿಸಿದನು. ವಾರ್ತೆಗಳು ಸ್ಫುಟವಾಗಿ ಕೇಳಿಬಂದವು. “ಇದರ ಕೊರಳಿಗೆ ಏನೂ ಆಗಿಲ್ಲ, ಸ್ವಾಮಿ. ಕೊರಳಿಗೆ ಬರುವ ಮುನ್ನವೇ ದನಿ ಕೆಡುತ್ತಿದೆ. ದೋಷವಿರುವುದು ಮುಳ್ಳಿನ ಕಡೆಗೆ” ಎಂದನು. ಒಂದೇ ಪರೀಕ್ಷೆಯಿಂದ ಯಂತ್ರದ ಅರ್ಧಭಾಗವು ನಿರಪರಾಧಿಯೆಂದು ತಿಳಿದುಬಂತು. ಆದರೆ ಮುಳ್ಳಿನ ಕೆಲಸ ಆತನಿಗೆ ಬಾರದು. ತರೀಕೆರೆಯಲ್ಲಿ ಒಬ್ಬ ಮುದುಕರಿದ್ದಾರೆಂದು ಆತನೇ ಹೇಳಿಕಳುಹಿಸಿದನು.

ಅಜ್ಜ ಮೊಮ್ಮಗ ಬೀರೂರಿಗೆ ಹಿಂದಿರುಗಿ ಶಿವಮೊಗ್ಗೆಯ ಕಡೆಯ ಗಾಡಿ ಹಿಡಿದರು. ತರೀಕೆರೆಯ ಹೆಸರು ಕೇಳಿದೊಡನೆ ಕನ್ನಡದ ಮಕ್ಕಳಿಗೆ ಏರಿಯೂ ಕರಿಯ ಕುರಿಮರಿಗಳೂ ನೆನಪಾಗುತ್ತವೆ. ಅವಸರದಿಂದ ಹೇಳಹೊರಟರೆ ನಾಲಗೆ ತೊಡರುವ ಮಾತು ಅದು. ಬೇರೆ ದಿನವಾಗಿದ್ದರೆ ಹುಡುಗನು ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಗುತ್ತಿದ್ದನು. ಅಂದು ತಟ್ಟೆಯನ್ನು ಎದೆಗೊತ್ತಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದನು.

ತರೀಕೆರೆಯ ಮುದುಕರು ಹಿಂದೆ ನಾಟಕದ ಕಂಪನಿಗಳಿಗೆ ಧ್ವನಿವರ್ಧಕವನ್ನು ಒದಗಿಸುತ್ತಿದ್ದವರು. ಅವರು ಯಂತ್ರವನ್ನು ಮುಟ್ಟುವ ಮೊದಲು ಪ್ರಶ್ನೆಗಳನ್ನು ಕೇಳಿದರು. “ದನಿ ತೂಗಾಡುತ್ತದೆಯೋ, ಕೆರೆಯುತ್ತದೆಯೋ? ತೂಗಾಡಿದರೆ ತಟ್ಟೆಯನ್ನು ತಿರುಗಿಸುವ ರಬ್ಬರಿನ ಗಾಲಿಯನ್ನು ನೋಡಬೇಕು. ಕೆರೆದರೆ ದೂಳನ್ನೂ ಮುಳ್ಳನ್ನೂ ನೋಡಬೇಕು. ಮೊದಲಿನಿಂದಲೂ ಹೀಗೆಯೋ, ಒಳಸುತ್ತಿಗೆ ಬಂದಾಗ ಮಾತ್ರವೋ? ಒಂದೇ ತಟ್ಟೆಯೋ, ಎಲ್ಲ ತಟ್ಟೆಗಳೂ ಹೀಗೆಯೋ?” ಉತ್ತರಗಳನ್ನು ಕೇಳಿಕೊಂಡ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ನಾಣ್ಯವನ್ನು ಕಿತ್ತು ಮೇಷ್ಟರ ಕೈಯಲ್ಲಿಟ್ಟುದು. ಬಳಿಕ ಭೂತಗನ್ನಡಿ ಹಿಡಿದು ತೋಳಿನ ತಲೆಯನ್ನು ನೋಡಿದರು. ಅಲ್ಲಿದ್ದ ಪುಟ್ಟ ಸನ್ನೆಯನ್ನು ಉಗುರಿನಿಂದ ಅತ್ತ ಹೊರಳಿಸಿದರು. “ಇಷ್ಟೆ” ಎಂದರು.

ಆ ಯಂತ್ರಕ್ಕೆ ಇದ್ದುದು ಒಂದಲ್ಲ, ಎರಡು ಮುಳ್ಳುಗಳು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳ ಗೆರೆ ಅಗಲವಾದುದು. ಅದಕ್ಕೆ ತುದಿಯ ತ್ರಿಜ್ಯವು ಅಂಗುಲದ ಸಾವಿರದಲ್ಲಿ ಮೂರು ಪಾಲಿನಷ್ಟಿರುವ ಮುಳ್ಳು ಬೇಕು. 1948ರಿಂದ ಬಳಕೆಗೆ ಬಂದ, ಮೂವತ್ತಮೂರು ಸುತ್ತಿನ ಲಾಂಗ್ ಪ್ಲೇ ತಟ್ಟೆಗಳ ಗೆರೆ ಕಿರಿದು; ಅವುಗಳಿಗೆ ಸಾವಿರದಲ್ಲಿ ಒಂದೇ ಪಾಲಿನ ಮುಳ್ಳು ಸಾಕು. ಸನ್ನೆ ಹೊರಳಿದರೆ ಮುಳ್ಳು ಬದಲಾಗುತ್ತದೆ. ಹಾಡಿನ ರೂಪವೆಲ್ಲ ಅಡಗಿರುವುದು ಗೆರೆಯ ಗೋಡೆಗಳಲ್ಲಿ. ತಕ್ಕ ಮುಳ್ಳು ಎರಡು ಗೋಡೆಗಳನ್ನೂ ಮುಟ್ಟಿಕೊಂಡು ಅವುಗಳ ಬಳುಕನ್ನು ಅನುಸರಿಸುತ್ತದೆ. ಸಣ್ಣ ಮುಳ್ಳು ತಳಕ್ಕಿಳಿದು, ಅಗಲವಾದ ಜಾಡಿನಲ್ಲಿ ಓಡುವ ಕಿರುಗಾಲಿಯ ಬಂಡಿಯಂತೆ ಅತ್ತಿತ್ತ ಹೊಯ್ದಾಡಿ, ತಳದಲ್ಲಿ ಕುಳಿತ ದೂಳನ್ನೇ ಹಾಡುತ್ತದೆ.

ಆಗ ಹುಡುಗನು ಬಾಯಿಬಿಟ್ಟನು. “ನಾನು ಸಿನಿಮಾ ಹಾಡಿನ ಲಾಂಗ್ ಪ್ಲೇ ಹಾಕಿದ್ದೆ, ಅಜ್ಜ. ವೇಗವನ್ನು ಮತ್ತೆ 78ಕ್ಕೆ ತಿರುಗಿಸಿದೆ. ಈ ಸನ್ನೆಯನ್ನು ಹಿಂದಕ್ಕೆ ಹೊರಳಿಸಲು ಮರೆತೆ.” ಮೇಷ್ಟರು ಮಾತನಾಡಲಿಲ್ಲ. ಮುದುಕರು ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಿದ್ದರು. ಕಪ್ಪು ಹೊಳಪಿನ ನಡುವೆ ಬೂದುಬಣ್ಣದ ಸಣ್ಣದೊಂದು ಪಟ್ಟೆ ಕಾಣುತ್ತಿತ್ತು. “ಸನ್ನೆಯ ತಪ್ಪು ಉಗುರಿನಿಂದ ಸರಿಹೋಯಿತು. ಇದು ನಾಣ್ಯದ ಭಾರಕ್ಕೆ ಸವೆದದ್ದು. ಇದನ್ನು ಯಾರೂ ಸರಿಮಾಡಲಾರರು” ಎಂದು ಅವರು ಮೆಲ್ಲನೆ ಹೇಳಿದರು. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ.

ಹಿಂದಿರುಗುವ ಗಾಡಿಯಲ್ಲಿ ಮೇಷ್ಟರು ಬಹಳ ಹೊತ್ತು ಸುಮ್ಮನಿದ್ದರು. ಬೀರೂರಿನಲ್ಲಿ ಗಾಡಿ ಬದಲಾಯಿಸುವಾಗ ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು, “ನಿನ್ನದು ಮರೆವು, ಮಗು. ನನ್ನದು ಅವಸರ. ನಿನ್ನೆ ನಾನು ಗದರದೆ ಕೇಳಿದ್ದರೆ ನೀನು ಹೇಳುತ್ತಿದ್ದೆ, ತಟ್ಟೆ ಉಳಿಯುತ್ತಿತ್ತು” ಎಂದರು.

ದೋಷ ಕಂಡೊಡನೆ ಒತ್ತಡವನ್ನು ಹೆಚ್ಚಿಸುವುದು ಮನುಷ್ಯನ ಸ್ವಭಾವ. ಬಾಗಿಲು ತೆರೆಯದಿದ್ದರೆ ನೂಕುತ್ತಾನೆ. ಮಗು ಉತ್ತರಿಸದಿದ್ದರೆ ದನಿಯೇರಿಸುತ್ತಾನೆ. ಏನು ಕೆಟ್ಟಿದೆ, ಯಾವಾಗ ಕೆಟ್ಟಿತು, ಅದಕ್ಕೆ ಮುನ್ನ ಬದಲಾದುದೇನು ಎಂದು ಕೇಳುವ ತಾಳ್ಮೆ ಆತನಿಗೆ ಬರುವುದು ತಡವಾಗಿ. ಅಷ್ಟರಲ್ಲಿ ಮೂಲದ ತಪ್ಪಿಗಿಂತ ಪರಿಹಾರದ ತಪ್ಪೇ ದೊಡ್ಡದಾಗಿರುತ್ತದೆ.

ಆ ಸಂಜೆ ಅಜ್ಜಂಪುರದ ಮನೆಯಲ್ಲಿ ಮತ್ತೆ ಹಾಡು ಕೇಳಿತು. ಮೇಷ್ಟರು ಮೆತ್ತನೆಯ ಬಟ್ಟೆಯಿಂದ ತಟ್ಟೆಯ ದೂಳನ್ನು ಗೆರೆಯ ಗುಂಟ ಒರೆಸಿದರು. ಮೊಮ್ಮಗನು ಸನ್ನೆಯನ್ನು ನೋಡಿ ತೋಳನ್ನು ಇಳಿಸಿದನು. ರಾಜಯ್ಯಂಗಾರ್ಯರ ಕಂಠ ಮೊದಲಿನಂತೆಯೇ ತುಂಬಿ ಬಂತು. ಬೂದುಬಣ್ಣದ ಪಟ್ಟೆಯ ಬಳಿ ಮಾತ್ರ ಹಾಡು ಎರಡು ಮೂರು ಸುತ್ತು ಕೆರೆಯಿತು. ಇಬ್ಬರೂ ಅದನ್ನು ಕೇಳಿಸಿಕೊಂಡರು. ಯಾರೂ ತೋಳನ್ನು ಎತ್ತಲಿಲ್ಲ. ಹಾಡು ಮುಗಿದ ಮೇಲೆ ಮೇಷ್ಟರು ಅಟ್ಟದಿಂದ ತಂದೆಯ ಮುಳ್ಳಿನ ಡಬ್ಬಿಯನ್ನು ಇಳಿಸಿ, ಐವತ್ತು ಪೈಸೆಯ ಆ ನಾಣ್ಯವನ್ನು ಅದರೊಳಗೆ ಹಾಕಿ ಮುಚ್ಚಿ, ಯಂತ್ರದ ಪಕ್ಕದಲ್ಲಿ ಕಣ್ಣಿಗೆ ಕಾಣುವಂತೆ ಇಟ್ಟರು.